ಅಕ್ಕ ಕಟ್ಟಿದ ಚಿಂದಿ

ನಮ್ಮಕ್ಕ ಮುನ್ಸೂಚನೆ ಕೊಡದೆ ಯಾವ ಕೊಂಬೆಯನ್ನೂ ಕಡಿಯುವುದಿಲ್ಲ. ಕಡಿಯಬೇಕೆಂದು ತೀರ್ಮಾನವಾದ ಕೊಂಬೆಯ ಬಳಿಗೆ ಹಿಂದಿನ ದಿನವೇ ಹೋಗಿ, ಹಳೆಯ ಹೊದಿಕೆಯಿಂದ ಹರಿದ ಗೇಣುದ್ದದ ಚಿಂದಿಯೊಂದನ್ನು ಅದಕ್ಕೆ ಕಟ್ಟಿ, ಒಮ್ಮೆ ಮೈ ಸವರಿ ಬರುತ್ತಾಳೆ. ಗರಗಸದ ಮಾತೇನಿದ್ದರೂ ಮರುದಿನ ಬೆಳಗಾದ ಮೇಲೆ. ಇದು ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನೊಂದು ಸೌಜನ್ಯವೆಂದು ಹೊಗಳಿ ಸುಮ್ಮನಾಗುತ್ತಿದ್ದೆ. ಆದರೆ ಬೆಳಗಾದ ಮೇಲೆ ಅವಳು ಗರಗಸ ಹಿಡಿದು ಹೋಗಿ, ಕೊಂಬೆಯನ್ನು ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ನೋಡಿ, "ಇರಲಿ, ಇದೊಂದು ವರ್ಷ ನೋಡೋಣ" ಎಂದು ಚಿಂದಿ ಬಿಚ್ಚಿಕೊಂಡು ಬರುತ್ತಾಳೆ. ಇಪ್ಪತ್ತು ಕೊಂಬೆಗೆ ಕಟ್ಟಿದರೆ ಹತ್ತೊಂಬತ್ತರ ಕಥೆ ಇದೇ. ಇಪ್ಪತ್ತನೆಯದು ಅಷ್ಟರಲ್ಲಿ ತಾನಾಗಿಯೇ ಒಣಗಿ ಬಿದ್ದಿರುತ್ತದೆ.

ನಾನಾದರೋ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು. ಹೆಚ್ಚಾದದ್ದನ್ನು ಒಂದೇ ಗೀಟಿನಲ್ಲಿ ಹೊಡೆದುಹಾಕಿ ಮುಂದಿನ ಸಾಲಿಗೆ ಹೋಗುವುದೇ ನನ್ನ ಉದ್ಯೋಗವಾಗಿತ್ತು. ನಿವೃತ್ತನಾದ ಮೇಲೆ ಪ್ರತಿ ಚಳಿಗಾಲ ಎರಡು ತಿಂಗಳು ಅಕ್ಕನಿಗೆ ನೆರವಾಗಲೆಂದು ಅವಳ ಮನೆಗೆ ಬರುತ್ತೇನೆ. ಎರಡೆಕರೆ ಜಮೀನು, ಹಿತ್ತಿಲಲ್ಲಿ ಹಣ್ಣಿನ ಗಿಡಗಳು, ಬಾವಿಯ ಪಕ್ಕ ತರಕಾರಿ ಮಡಿಗಳು, ನಾಲ್ಕು ಆಡು, ಒಂಬತ್ತು ಕೋಳಿ, ಮತ್ತು ಮಂಡಿನೋವಿನಿಂದ ಜಗಲಿಯ ಕುರ್ಚಿಗೆ ಸೀಮಿತರಾದ ನಮ್ಮ ಭಾವ. ಬಂದ ಮೊದಲ ದಿನವೇ ನಾನು ಮಾಡಬೇಕಾದ ಕೆಲಸಗಳ ಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸುತ್ತೇನೆ. ಅಕ್ಕ ಅದನ್ನು ಆಸಕ್ತಿಯಿಂದ ಓದಿ, ಅಕ್ಷರ ದುಂಡಗಿದೆಯೆಂದು ಮೆಚ್ಚಿ, ಪಟ್ಟಿಯಲ್ಲಿಲ್ಲದ ಕೆಲಸವೊಂದನ್ನು ಹುಡುಕಿಕೊಂಡು ಹೋಗುತ್ತಾಳೆ.

ಅವಳ ನಡಿಗೆಯನ್ನು ನಡಿಗೆಯೆನ್ನುವುದೇ ಕಷ್ಟ. ಅಡುಗೆಮನೆಯ ಬಾಗಿಲಿನಿಂದ ಆಡಿನ ಕೊಟ್ಟಿಗೆಗೆ ಅರವತ್ತು ಹೆಜ್ಜೆ, ನಾನು ಎಣಿಸಿದ್ದೇನೆ. ಅಕ್ಕನಿಗೆ ಆ ಅರವತ್ತು ಹೆಜ್ಜೆಗೆ ಅರ್ಧ ಗಂಟೆ ಹಿಡಿಯುತ್ತದೆ. ಮೂರು ಹೆಜ್ಜೆಗೊಮ್ಮೆ ಬಗ್ಗಿ ಒಂದು ಕಳೆ ಕೀಳುತ್ತಾಳೆ, ಕಿತ್ತದ್ದನ್ನು ಕೋಳಿಗೆ ಹಾಕಲು ಬಲಕ್ಕೆ ತಿರುಗುತ್ತಾಳೆ, ಕೋಳಿಗೂಡಿನ ಚಿಲಕ ಸಡಿಲವಾದದ್ದು ಕಂಡು ಸುತ್ತಿಗೆಗಾಗಿ ಮನೆಗೆ ವಾಪಸಾಗುತ್ತಾಳೆ, ಸುತ್ತಿಗೆ ಹುಡುಕುವಾಗ ಈರುಳ್ಳಿ ಬೀಜದ ಡಬ್ಬಿ ಸಿಕ್ಕಿ ಅದನ್ನು ಬಿಸಿಲಿಗೆ ಹರವುತ್ತಾಳೆ. ಅಷ್ಟು ಹೊತ್ತೂ ಆಡುಗಳು ಮೇವಿಗಾಗಿ ಅರಚುತ್ತಿರುತ್ತವೆ, ಅವುಗಳ ಜೊತೆಗೆ ನಾನೂ. "ಬಂದೆ ಕಣೋ, ಇದೊಂದು ಆಗ್ಬಿಡ್ಲಿ" ಎಂಬ ಉತ್ತರ ಮಾತ್ರ ಎಲ್ಲಿಂದಲೋ ತೇಲಿ ಬರುತ್ತದೆ. ಯಾವುದೊಂದು ಎಂದು ಕೇಳುವ ಧೈರ್ಯ ನನಗಿಲ್ಲ.

ಚಳಿಗಾಲ ಪೂರ್ತಿ ಅವಳ ಮೈಮೇಲಿರುವುದು ಭಾವನ ಕಾಕಿ ಕೋಟು. ಅವರು ಟಪಾಲಿನ ವ್ಯಾನು ಓಡಿಸುತ್ತಿದ್ದ ಕಾಲದ್ದು. ತೋಳು ಬೆರಳ ತುದಿ ದಾಟುತ್ತದೆ, ಅಂಚು ಮಂಡಿಗಿಂತ ಕೆಳಗೆ ಬಂದು ಮಣ್ಣು ಗುಡಿಸುತ್ತದೆ. ಅದರ ನಾಲ್ಕು ಜೇಬುಗಳಲ್ಲಿ ಚಿಂದಿ, ದಾರದುಂಡೆ, ಕತ್ತರಿ, ಒಡೆದ ಕೋಳಿಮೊಟ್ಟೆಯ ಚಿಪ್ಪು ಮತ್ತು ಏನೆಂದು ಅವಳಿಗೇ ನೆನಪಿಲ್ಲದ ಬೀಜಗಳು ಇರುತ್ತವೆ. ಒಮ್ಮೆ ಭಾವ ಜಗಲಿಯಲ್ಲಿ ನಡುಗುತ್ತ, "ಕೋಟು ಒಂದು ಗಳಿಗೆ ಕೊಡೇ" ಎಂದು ಕೇಳಿದ್ದಕ್ಕೆ, "ಜೇಬು ಖಾಲಿ ಮಾಡ್ಬೇಕಾಗತ್ತೆ, ಸಂಜೆ ನೋಡೋಣ" ಎಂದಳು. ಆರು ವರ್ಷವಾಯಿತು, ಆ ಸಂಜೆ ಇನ್ನೂ ಬಂದಿಲ್ಲ. ಭಾವ ಕಂಬಳಿ ಹೊದ್ದು ಕೂರುತ್ತಾರೆ.

ನನ್ನ ಸ್ವೆಟರಿನ ಗತಿಯೂ ಬೇರೆಯಾಗಲಿಲ್ಲ. ಒಂದು ಬೆಳಗ್ಗೆ ಗೂಟದಲ್ಲಿ ಅದು ಕಾಣದೆ ಮನೆಯೆಲ್ಲ ತಡಕಾಡಿ, ಹಲ್ಲು ಕಟಕಟಿಸುತ್ತ ಹಿತ್ತಿಲಿಗೆ ಹೋದರೆ ಅದು ನಲ್ಲಿಯ ಕೊರಳಿಗೆ ಸುತ್ತಿಕೊಂಡು ಕೂತಿತ್ತು. ತೋಳುಗಳೆರಡನ್ನೂ ಮುಂದೆ ತಂದು ಗಂಟು ಹಾಕಲಾಗಿತ್ತು. ನಾನು ಕೂಗಾಡಿದೆ. ಅಕ್ಕ ನಿಜವಾಗಿಯೂ ಆಶ್ಚರ್ಯಪಟ್ಟಳು. "ನಿನಗೆ ಒಳಗೆ ಒಲೆ ಇದೆ. ನಲ್ಲಿಗೆ ಏನಿದೆ ಹೇಳು? ಚಳಿಗೆ ಕೊಳವೆ ಒಡೆದರೆ ನೀನು ಹೊಲಿತೀಯಾ?" ನಾನು ಒಲೆಯ ಮುಂದೆ ಹೋಗಿ ಕೂತೆ.

ಗೊಬ್ಬರದ ರಾಶಿಯ ಪ್ರಸಂಗವನ್ನು ನೆನೆದರೆ ಈಗಲೂ ನನ್ನ ಸೊಂಟ ಹಿಡಿದುಕೊಳ್ಳುತ್ತದೆ. ಎದೆಯೆತ್ತರದ ಆ ರಾಶಿಯನ್ನು ಬುಡಮೇಲು ಮಾಡುವ ಕೆಲಸ ಪಟ್ಟಿಯಲ್ಲಿ ಮೂರನೆಯದು. ನಾನು ಬೆಳಗಿನಿಂದ ಮಧ್ಯಾಹ್ನದವರೆಗೆ ಅರ್ಧ ರಾಶಿ ಮಗುಚಿದ್ದೆ. ಅಷ್ಟರಲ್ಲಿ ಒಳಗಿನ ಬೆಚ್ಚನೆಯ ಕಪ್ಪುಮಣ್ಣಿನಲ್ಲಿ ಮುಷ್ಟಿಗಾತ್ರದ ಕಪ್ಪೆಯೊಂದು ಕಣ್ಣುಮುಚ್ಚಿ ಮಲಗಿದ್ದು ಅಕ್ಕನ ಕಣ್ಣಿಗೆ ಬಿತ್ತು. ಮುಗಿಯಿತು. "ಅದು ಏಳೋವರೆಗೂ ಮುಟ್ಟಬೇಡ" ಎಂದು ಅಪ್ಪಣೆಯಾಯಿತು. ಮಗುಚಿದ್ದನ್ನು ಮತ್ತೆ ಅದರ ಮೇಲೆ ಹೊದಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ವರ್ಷ ಮಡಿಗಳಿಗೆ ಹಾಕಲು ಪಕ್ಕದ ಜಮೀನಿನಿಂದ ಬುಟ್ಟಿಯಲ್ಲಿ ಗೊಬ್ಬರ ಹೊತ್ತು ತಂದವನೂ ನಾನೇ. ನಮ್ಮ ಗೊಬ್ಬರದೊಳಗೆ ಕಪ್ಪೆ ಮಲಗಿತ್ತಲ್ಲ!

ಇವೆಲ್ಲ ನಗುತ್ತ ಹೇಳಬಹುದಾದ ಸಂಗತಿಗಳು. ಅಂಜೂರದ ಮರದ ವಿಷಯ ಹಾಗಲ್ಲ.

ಆ ಮರ ಅಮ್ಮನ ಹಿತ್ತಿಲಿನದು. ಅಕ್ಕ ಮದುವೆಯಾಗಿ ಹೊರಟ ದಿನ ಅಮ್ಮ ತನ್ನ ಅಂಜೂರದಿಂದ ಒಂದು ಕಡ್ಡಿ ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟಿದ್ದಳು. ಅಮ್ಮನೂ ಹೋದಳು, ಆ ಹಿತ್ತಿಲೂ ಬೇರೆಯವರದಾಯಿತು, ಅಲ್ಲಿನ ಮರವನ್ನು ಕಡಿದು ಗೋಡೆ ಕಟ್ಟಿದರು. ಉಳಿದದ್ದು ಅಕ್ಕನ ಬಾವಿಯ ಬಳಿಯ ಈ ಒಂದು ಮರ. ಕಳೆದ ಚಳಿಗಾಲದ ಹೊತ್ತಿಗೆ ಅದಕ್ಕೆ ಎರಡು ವರ್ಷದಿಂದ ಕಾಂಡ ಕೊರೆಯುವ ಹುಳು ಹಿಡಿದಿತ್ತು. ಕಸಿ ಕಟ್ಟುವವರೊಬ್ಬರು ಬಂದು ನೋಡಿ, "ಚಿಗುರು ಬರೋದಕ್ಕೆ ಮುಂಚೆ ಹುಳ ಬಿದ್ದ ಕೊಂಬೆಗಳನ್ನ ತೆಗೆದುಬಿಡಿ ಅಮ್ಮ, ಇಲ್ಲಾಂದ್ರೆ ಇನ್ನೊಂದು ಚಳಿಗಾಲ ಕಾಣಲ್ಲ" ಎಂದು ಹೇಳಿ ಹೋಗಿದ್ದರು. ಹಿಂದಿನ ವರ್ಷ ಅಕ್ಕ ಅದೇ ಮರಕ್ಕೆ ಚಿಂದಿ ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ, ಕೊನೆಗೆ ಒಂದನ್ನೂ ಕಡಿಯದೆ ಕಾಲ ಮೀರಿಸಿದ್ದಳು. ಈ ಸಲ ಮಾತ್ರ ಬಿಡಬಾರದೆಂದು ನಾನು ನಿರ್ಧರಿಸಿಯೇ ಬಂದಿದ್ದೆ.

ನಾನು ಬಂದು ಹದಿನೈದು ದಿನವಾದರೂ ಮರದಲ್ಲಿ ಐದು ಚಿಂದಿ ಹಾರಾಡುತ್ತಲೇ ಇದ್ದವು. ಕಟ್ಟಿದ್ದನ್ನು ಬಿಚ್ಚಿರಲಿಲ್ಲ, ಕಡಿದೂ ಇರಲಿಲ್ಲ. ಕೇಳಿದಾಗಲೆಲ್ಲ "ಈ ವಾರ ಆಗ್ಬಿಡತ್ತೆ" ಎಂದಳು. ಅಷ್ಟರಲ್ಲಿ ಒಂದು ಬೆಳಗ್ಗೆ ಅವಳು ಆಡೊಂದಕ್ಕೆ ಕಾಲು ತೋರಿಸಲು ಪಶುವೈದ್ಯರ ಬಳಿಗೆ ಹೊರಟಳು, ಬರುವುದು ಸಂಜೆಯೇ. ಗೇಟು ಮುಚ್ಚಿದ ಸದ್ದು ಕೇಳಿದ್ದೇ ತಡ, ನಾನು ಏಣಿ, ಗರಗಸ ಹೊತ್ತು ಅಂಜೂರದ ಬುಡಕ್ಕೆ ನಡೆದೆ. ಭಾವ ಜಗಲಿಯಿಂದ, "ಅವಳು ಬರ್ಲಿ ಬಿಡಪ್ಪ" ಎಂದರು. ನಾನು ತಿರುಗಿಯೂ ನೋಡಲಿಲ್ಲ.

ಎಲೆ ಉದುರಿದ ಮರದಲ್ಲಿ ಯಾವ ಕೊಂಬೆ ಎಂಥದೆಂದು ನನ್ನಂಥವನಿಗೆ ಏನು ತಿಳಿಯಬೇಕು! ಚಿಂದಿಯಿದ್ದ ಐದೂ ತೋಳಿನಷ್ಟು ದಪ್ಪ, ತೊಗಟೆ ನುಣುಪು. ಕೆಳಗಿನ ಇನ್ನೊಂದು ಕೊಂಬೆಯಲ್ಲಿ ತೂತುಗಳಿದ್ದವು, ಗರಗಸದ ಹುಡಿಯಂಥದ್ದು ಸುರಿಯುತ್ತಿತ್ತು, ಅದಕ್ಕೆ ಚಿಂದಿ ಇರಲಿಲ್ಲ. ಒಂದು ಕ್ಷಣ ಕೈ ನಿಂತದ್ದು ನಿಜ. ಆದರೆ ಹುಳ ಬಿದ್ದದ್ದನ್ನೂ ಬಿಟ್ಟುಕೊಡಲಾರದ ಹೆಂಗಸು ಇವಳು, ಇಷ್ಟಕ್ಕಾದರೂ ಒಪ್ಪಿದ್ದಾಳಲ್ಲ ಎಂದು ಮನಸ್ಸಿನಲ್ಲೇ ಗೊಣಗಿ, ಮಧ್ಯಾಹ್ನದೊಳಗೆ ಐದನ್ನೂ ನೆಲಕ್ಕುರುಳಿಸಿದೆ. ಪಟ್ಟಿಯಲ್ಲಿ ಮೊದಲನೆಯ ಸಾಲನ್ನು ಹೊಡೆದುಹಾಕಿ ಊಟಕ್ಕೆ ಕೂತೆ. ಅಷ್ಟು ರುಚಿಯಾಗಿ ಉಂಡದ್ದು ಆ ತಿಂಗಳಲ್ಲಿ ಅದೇ ಮೊದಲು.

ಅಕ್ಕ ಬಂದವಳು ಆಡನ್ನು ಗೇಟಿಗೇ ಕಟ್ಟಿ ನೆಟ್ಟಗೆ ಮರದ ಬಳಿಗೆ ನಡೆದಳು. ದಾರಿಯಲ್ಲಿ ಒಂದು ಕಳೆಗೂ ಬಗ್ಗಲಿಲ್ಲ. ಅವಳು ಹಾಗೆ ನಡೆದದ್ದನ್ನು ನಾನು ಕಂಡಿರಲೇ ಇಲ್ಲ. ಬಿದ್ದ ಕೊಂಬೆಗಳ ಸುತ್ತ ಒಂದು ಸುತ್ತು ಹಾಕಿ, ಕುಕ್ಕರಗಾಲಲ್ಲಿ ಕೂತು, ಐದೂ ಚಿಂದಿಗಳನ್ನು ಒಂದೊಂದಾಗಿ ಬಿಚ್ಚಿ, ಮಡಿಸಿ, ಕೋಟಿನ ಜೇಬಿಗೆ ಹಾಕಿಕೊಂಡಳು.

"ಹೋದ ವರ್ಷ ನೀನೇ ಹೇಳಿದ್ದಲ್ವಾ," ಎಂದಳು. "ಕಡಿಯೋದಕ್ಕೆ ಕಟ್ಟಿ ಕಟ್ಟಿ ಬಿಚ್ತೀಯಲ್ಲ, ಉಳಿಸೋದಕ್ಕೇ ಕಟ್ಟಬಾರದಾ ಅಂತ. ಸರಿ ಅನ್ನಿಸ್ತು. ಹಾಗೇ ಕಟ್ಟಿದೆ."

ಹೌದು, ಹೇಳಿದ್ದೆ. ಅದರ ಹಿಂದಿನ ವರ್ಷ ಹೊರಡುವ ದಿನ, ಬಸ್ಸಿನ ಹೊತ್ತಾಗಿ, ರೇಗಿ, ಚುಚ್ಚಲೆಂದೇ ಆಡಿದ ಮಾತು. ಬಸ್ಸು ಹತ್ತುವ ಮೊದಲೇ ಮರೆತಿದ್ದೆ. ನನ್ನ ಪಟ್ಟಿಗಳಲ್ಲಿ ಒಂದನ್ನೂ ಪಾಲಿಸದ ಅಕ್ಕ, ನಲವತ್ತು ವರ್ಷದ ಪದ್ಧತಿಯನ್ನು ಆ ಒಂದು ಕೊಂಕುಮಾತಿಗಾಗಿ ತಿರುಗುಮುರುಗು ಮಾಡಿದ್ದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಏಣಿಗೆ ಒರಗಿಸಿದ್ದ ಗರಗಸ ತೆಗೆದುಕೊಂಡು, ಉಳಿದಿದ್ದ ಹುಳ ಬಿದ್ದ ಕೊಂಬೆಗಳನ್ನೆಲ್ಲ ತಾನೇ ಕುಯ್ದು ಹಾಕಿದಳು. ಚಿಂದಿ ಇಲ್ಲ, ಮುನ್ಸೂಚನೆ ಇಲ್ಲ, "ಇರಲಿ ನೋಡೋಣ" ಇಲ್ಲ. ಬೆಳಕಿರುವಾಗಲೇ ಮುಗಿಯಿತು. ಬಾವಿಯ ಬಳಿ ಸೊಂಟದೆತ್ತರದ ಮೋಟು ಮಾತ್ರ ನಿಂತಿತ್ತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮರುದಿನ ಬೆಳಗ್ಗೆ ಅವಳು ನನ್ನನ್ನು ಎಬ್ಬಿಸಿ ಕತ್ತರಿ ಕೈಗಿಟ್ಟಳು. ನಾನು ಕಡಿದುರುಳಿಸಿದ ಆ ಐದು ಕೊಂಬೆಗಳ ಬೆರಳುಗಾತ್ರದ ರೆಂಬೆಗಳನ್ನೆಲ್ಲ ಗೇಣುದ್ದಕ್ಕೆ, ಮೂರು ಗಿಣ್ಣು ಬರುವಂತೆ ತುಂಡರಿಸಿ ನೆಡಬೇಕಿತ್ತು. ಈರುಳ್ಳಿಗೆಂದು ನಾನು ಅಗೆದು ಹದಮಾಡಿದ್ದ ಮಡಿ ತುಂಬಿತು; ಒಡೆದ ಬಕೆಟ್ಟು, ಎಣ್ಣೆ ಡಬ್ಬಿ, ಭಾವನ ಹಳೆಯ ಬೂಟು ಕೂಡ ತುಂಬಿದವು. ಎರಡು ತಿಂಗಳಿಗೆ ಬಂದವನು ನಾಲ್ಕು ತಿಂಗಳು ಉಳಿದು ಅವಕ್ಕೆ ನೀರು ಹನಿಸಿದೆ. ಮೋಟಿಗೆ ಚಿಗುರು ಬರಲೇ ಇಲ್ಲ, ಹುಳು ಬೇರಿಗಿಳಿದಿತ್ತು. ಕಸಿಯವರನ್ನು ಗುಟ್ಟಾಗಿ ಕೇಳಿದೆ. "ಆ ಐದು ಇದ್ದಿದ್ರೆ ಉಳೀತಿತ್ತೋ ಇಲ್ವೋ, ಹೇಳಕ್ಕಾಗಲ್ಲ ಸ್ವಾಮಿ" ಎಂದರು. ಈ ಪ್ರಶ್ನೆ ನನ್ನ ಜೊತೆಗೇ ಇರುತ್ತದೆ.

ಈ ಚಳಿಗಾಲ ಬಂದು ನೋಡಿದರೆ, ನೆಟ್ಟವುಗಳಲ್ಲಿ ಬದುಕಿದ ಹದಿನಾರು ಸಸಿಗಳು ಒಂದೇ ಮಡಿಯಲ್ಲಿ ಮೈಗೆ ಮೈ ತಾಗಿಸಿಕೊಂಡು ನಿಂತಿವೆ. ಬಾವಿಯ ಬಳಿ ಜಾಗವಿರುವುದು ಮೂರಕ್ಕೆ. ಎಂದೋ ಆರಿಸಿ ಉಳಿದವನ್ನು ಕೀಳಬೇಕಿತ್ತು. ಅಕ್ಕ ವರ್ಷವಿಡೀ "ಇದೊಂದು ಆಗ್ಬಿಡ್ಲಿ" ಎನ್ನುತ್ತ ಮುಂದೂಡಿದ್ದಾಳೆ. ನನಗೆ ಮೈಯೆಲ್ಲ ಉರಿದುಹೋಯಿತು. ಕೂಗಾಡಲು ಬಾಯಿ ತೆರೆಯುವಷ್ಟರಲ್ಲಿ ಅವಳು ಕೋಟಿನ ಜೇಬಿನಿಂದ ಒಂದು ಹಿಡಿ ಚಿಂದಿ ತೆಗೆದು ನನ್ನ ಕೈಗಿಟ್ಟಳು. "ಈ ಸಲ ನೀನೇ ಕಟ್ಟು."

"ಕೀಳೋದಕ್ಕಾ, ಉಳಿಸೋದಕ್ಕಾ?"

"ಉಳಿಸೋದಕ್ಕೆ. ನೀನೇ ಹೇಳಿದ್ದಲ್ವಾ."

ಇಂಥವರು ಎಷ್ಟೋ ಮನೆಗಳಲ್ಲಿ ಒಬ್ಬೊಬ್ಬರಿರುತ್ತಾರೆ. ಅವರೊಡನೆ ಬಾಳುವುದು ಸುಲಭವಲ್ಲ. ಅವರ ಕೆಲಸ ಎಂದೂ ಮುಗಿಯುವುದಿಲ್ಲ, ನಮ್ಮ ಕೆಲಸ ಮುಗಿಯಲು ಅವರು ಬಿಡುವುದೂ ಇಲ್ಲ. ಯಾವುದನ್ನೂ ಬೇಡವೆನ್ನಲಾರದ ಅವರನ್ನು ನಾವು ಜೀವನವಿಡೀ ತಿದ್ದಲು ಹೊರಡುತ್ತೇವೆ. ಕೊನೆಗೊಂದು ದಿನ ನಮ್ಮ ಅವಸರ ಏನನ್ನೋ ಕೆಡವಿದಾಗ, ಕೆಡವಿದವನನ್ನೂ ಬೇಡವೆನ್ನದೆ ಪಕ್ಕದಲ್ಲಿ ಕೂರಿಸಿಕೊಂಡು, ಬಿದ್ದದ್ದನ್ನು ಗೇಣುಗೇಣಾಗಿ ಆರಿಸಿ ಮಣ್ಣಿಗೂರುವವರು ಅವರೇ. ಅದರಿಂದ ಅವರ ಮೇಲಿನ ಸಿಟ್ಟೇನೂ ಕಡಿಮೆಯಾಗುವುದಿಲ್ಲ. ಹಲ್ಲು ಕಚ್ಚಿಕೊಂಡೇ ನಾನು ಮಡಿಗೆ ಹೋದೆ, ಮೂರು ಸಸಿಗೆ ಚಿಂದಿ ಕಟ್ಟಿ ಬರಬೇಕೆಂದು. ಹಿಡಿಯಲ್ಲಿದ್ದ ಚಿಂದಿ ತೀರುವ ಹೊತ್ತಿಗೆ ಹದಿನಾರಕ್ಕೂ ಕಟ್ಟಿದ್ದೆ.