ಮೋಡ ಬಂದ ತುಂಡು

ಹಿತ್ತಲಿನ ಒಗೆಯುವ ಕಲ್ಲು ಹತ್ತಿ ಸುಚಿತ್ರಾ ಫೋನನ್ನು ಎತ್ತರಕ್ಕೆ ಹಿಡಿದಳು. ಒಂದು ಕಡ್ಡಿ ಸಿಗ್ನಲ್ ಬಂತು, ಹೋಯಿತು.

"ಏನವ್ವ, ಹೆಣ ಮುಂದಿಟ್ಕಂಡು ಫೋನು?" ಸತ್ತ ರಾಧಾಮಣಿ ಸುಚಿತ್ರಾಳ ಲ್ಯಾಬಿನ ಮೇಡಂ; ಅವರ ಅತ್ತೆ ಸರಸಮ್ಮ ಬಾಗಿಲಲ್ಲಿ ನಿಂತಿದ್ದರು.

"ಮೇಡಂದೇ ಕೆಲಸ ಅಜ್ಜಿ. ಮಳೆ ಮೋಡ ಎಲ್ಲಿಗೆ ಹೋಗುತ್ತೆ ಅನ್ನೋ ಅವರ ಲೆಕ್ಕ ಸಾವಿರಾರು ಕಂಪ್ಯೂಟರಲ್ಲಿ ಇನ್ನೂ ಓಡ್ತಿದೆ. ಹನ್ನೆರಡಕ್ಕೆ ಅದನ್ನ ನಿಲ್ಲಿಸಿ ಕಂಪ್ಯೂಟರೆಲ್ಲ ಬೇರೆಯವರಿಗೆ ಕೊಟ್ಬಿಡ್ತಾರೆ. ಅಷ್ಟರಲ್ಲಿ ಮುಗೀದಿದ್ರೆ ಅವರು ಹುಡುಕಿದ ದಾರಿ ಸರಿಯೋ ತಪ್ಪೋ ಗೊತ್ತಾಗಲ್ಲ."

"ಸತ್ತೋಳ ಕೆಲ್ಸ ಇನ್ನೆಲ್ಲಿಗೆ ಓಡೀತು ತಾಯಿ. ಆ ಚೆಲುವಯ್ಯ ಬರ್ನಿಲ್ವಲ್ಲ, ಅದ ಹೇಳು."

ಮುತ್ತೈದೆಗೆ ತವರಿನ ಸೀರೆ ಉಡಿಸದೆ ಹೆಣ ಎತ್ತುವಂತಿಲ್ಲ. ರಾಧಾಮಣಿಯ ಅಣ್ಣ ಚೆಲುವಯ್ಯ ಸೀರೆ ಹಿಡಿದು ಸಾತನೂರಿನಿಂದ ಹೊಂಗನೂರಿಗೆ ಬರಬೇಕು. ಅಂಗಳದಲ್ಲಿ ಗಂಡಸರು ಕುರ್ಚಿಯಿಂದೆದ್ದು ರಸ್ತೆ ನೋಡಿ ಮತ್ತೆ ಕೂರುತ್ತಿದ್ದರು. ಗಂಡ ಮನೋಹರ್ ಗೇಟಿಗೂ ಹೆಣದ ಹತ್ತಿರಕ್ಕೂ ನಡೆಯುತ್ತಲೇ ಇದ್ದ.

"ಸಾತನೂರ್ ಬಸ್ಸಲ್ವೇನ್ಲಾ? ಮದ್ವೇಗೂ ಬರಲ್ಲ, ಮಣ್ಣಿಗೂ ಬರಲ್ಲ," ಯಾರೋ ಗೊಣಗಿದರು.

*

"ಆಕಾಶನ ಸಮ ತುಂಡು ಮಾಡಿ ಒಂದೊಂದು ಕಂಪ್ಯೂಟರಿಗೆ ಒಂದೊಂದು ಕೊಟ್ವಿ ಅಂದ್ಕೋ," ಹಿಂದೊಮ್ಮೆ ಲ್ಯಾಬಿನಲ್ಲಿ ಊಟದ ಡಬ್ಬಿ ಬಿಚ್ಚುತ್ತ ರಾಧಾಮಣಿ ಸುಚಿತ್ರಾಳಿಗೆ ಹೇಳಿದ್ದರು. "ಬರೀ ಬಾನು ಸಿಕ್ಕಿದ್ದು ಬೇಗ ಮುಗ್ಸಿ ಸುಮ್ನೆ ಕೂರುತ್ತೆ. ಮೋಡ ಬಂದ ತುಂಡಿಂದು ಮುಗಿಯೋದೇ ಇಲ್ಲ. ಅದು ಮುಗಿಯೋವರೆಗೂ ಯಾರೂ ಮುಂದೆ ಹೋಗೋ ಹಂಗಿಲ್ಲ."

"ಮತ್ತೆ ಏನ್ ಮಾಡೋದು ಮೇಡಂ?"

"ಮೋಡ ಎಲ್ಲಿಗೆ ಸರಿಯುತ್ತೋ ನೋಡ್ತಾ, ಆ ತುಂಡನ್ನ ಮತ್ತೆ ಒಡೆದು, ಸುಮ್ನೆ ಕೂತಿರೋರಿಗೆ ಹಂಚೋದು. ಓಡ್ತಾ ಓಡ್ತಾನೇ."

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು; ಮನೆಯಿಂದ ಮನೋಹರ್.

"ಅತ್ತೆ ಮಾತ್ರೆನಾ? ಫ್ರಿಜ್ ಮೇಲೆ, ನೀಲಿ ಡಬ್ಬಿ. ನಿಮ್ಮೆದುರಿಗೇ ಐತೆ ನೋಡ್ರೀ... ಆಯ್ತು, ಬಂದೇ ಕೊಡ್ತೀನಿ ಬುಡಿ."

ಅವರು ಚನ್ನಪಟ್ಟಣದ ರೈಲಿಗೆ ಓಡಿದರು. ಡಬ್ಬಿಯಲ್ಲಿ ಅರ್ಧ ಮುದ್ದೆ ಹಾಗೇ ಉಳಿದಿತ್ತು.

*

ಆಟೊ ಬಂದು ನಿಂತಿತು. ಚೆಲುವಯ್ಯ ಸೀರೆಯನ್ನು ಎದೆಗವಚಿಕೊಂಡು ಇಳಿದ. ಅಂಗಳವೆಲ್ಲ ಒಟ್ಟಿಗೇ ಎದ್ದಿತು.

"ಅರಿಸ್ನ ತಗಂಬಾರ್ಲಾ," ಸರಸಮ್ಮ ಮಗನನ್ನು ಅವಸರಪಡಿಸಿದರು.

"ಎಲ್ಲೈತವ್ವ?"

"ನಂಗೇನ್ಲಾ ಗೊತ್ತು?"

ಇಬ್ಬರೂ ಅಡುಗೆಮನೆಗೆ ನುಗ್ಗಿದರು. ಡಬ್ಬಿಗಳ ಮುಚ್ಚಳಗಳು ಒಂದೊಂದಾಗಿ ಬಿದ್ದವು.

ಅಂಗಳಕ್ಕೆ ಬಂದಿದ್ದ ಸುಚಿತ್ರಾಳ ಕೈಯಲ್ಲಿ ಫೋನ್ ಅದುರಿತು. ಹನ್ನೆರಡಾಗಲು ಇನ್ನೂ ಹೊತ್ತಿತ್ತು. ಲೆಕ್ಕ ಮುಗಿದಿತ್ತು. ಯಾವ ಯಂತ್ರವೂ ಇನ್ನೊಂದಕ್ಕಾಗಿ ಕಾದು ಕೂತಿರಲಿಲ್ಲ. ಯಾರಿಗಾದರೂ ಹೇಳಬೇಕೆಂದು ಅವಳು ತಲೆಯೆತ್ತಿದಳು.

ಒಳಗಿನಿಂದ ಸರಸಮ್ಮ, ದಿನವೂ ಕೂಗುವಂತೆಯೇ, ಅಂಗಳಕ್ಕೆ ಕೇಳುವಂತೆ ಕೂಗಿದರು:

"ರಾಧಾ, ಅರಿಸ್ನ ಎಲ್ಲಿ ಮಡ್ಗಿದ್ದೀಯೇ?"

ಅಂಗಳದಲ್ಲಿ ಅಷ್ಟೂ ಜನ ಬರಿಗೈಯಲ್ಲಿ ನಿಂತಿದ್ದರು. ಚೆಲುವಯ್ಯ ಸೀರೆ ಹಿಡಿದು ಕಾಯುತ್ತಿದ್ದ.