ಬಿಟ್ಟಿ ಬ್ಲಾಗು

ಬ್ಲಾಗಿಗೊಂದು ಜಾಗ ಹುಡುಕುವಾಗ ಮೇಘಾ, ಎಂಬಿಎ ಓದಿದವಳು, ಸೀರೆ ಆರಿಸುವಂತೆ ಅಂಚು ನೋಡಿ ಆರಿಸಿದಳು.

ಅವಳೂ ಆರಿಫನೂ ಗೋಳಗುಮ್ಮಟದ ಹತ್ತಿರ ಒಂದು ಕೋಣೆ ಹಿಡಿದು, ತಿಕೋಟಾ ಕಡೆಯ ಒಣದ್ರಾಕ್ಷಿಯನ್ನು ಆನ್‌ಲೈನಿನಲ್ಲಿ ಮಾರುವ ಸ್ಟಾರ್ಟಪ್ ಶುರು ಮಾಡಿದ್ದರು. ಅದನ್ನು ಒಣಗಿಸಿ ಆರಿಸುವವರ ಮಾತನ್ನೂ ಜನ ಓದಲಿ ಎಂದು ಬ್ಲಾಗು. ಆರಿಫ ನಾಲ್ಕು ಕಡೆ ವಿಚಾರಿಸಿ ಹಳೆಯ ಬ್ಲಾಗು ವೇದಿಕೆಯೊಂದನ್ನು ತೋರಿಸಿದ. ನೋಡಲು ಸಪ್ಪೆ, ವರ್ಷಕ್ಕಿಷ್ಟು ಕಟ್ಟಬೇಕು, ಆದರೆ ಬರೆದದ್ದರ ನಕಲು ನಮ್ಮ ಕೈಯಲ್ಲಿರುತ್ತದೆ. ಮೇಘಾಳಿಗೆ ಮೊನ್ನೆ ಮೊನ್ನೆ ಹುಟ್ಟಿದ ಇನ್ನೊಂದು ಹಿಡಿಸಿತು. ಪುಟದ ಸುತ್ತ ದ್ರಾಕ್ಷಿಬಳ್ಳಿ, ಮೇಲಾಗಿ ಬಿಟ್ಟಿ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ! ಆರಿಫನನ್ನು ಅಂಜುಬುರುಕ ಎಂದು ನಕ್ಕಳು ಕೂಡ.

ವಾರಕ್ಕೊಮ್ಮೆ ಘೋಣಸಗಿಗೆ ಹೋಗಿ, ಒಣದ್ರಾಕ್ಷಿ ಆರಿಸುವ ಪರಸವ್ವನ ಎದುರು ಕೂತು, ಆ ಮುದುಕಿ ಹೇಳಿದ್ದನ್ನು ನೇರ ಬ್ಲಾಗಿಗೇ ಟೈಪು ಮಾಡುತ್ತಿದ್ದಳು. ಹೀಗೆ ನಲವತ್ತು ಬರಹ ಆದವು. ಆಮೇಲೆ ವೇದಿಕೆಯವರು ಅಂಗಡಿ ಮುಚ್ಚಿದರು. ಮೂರು ತಿಂಗಳಿಂದ ಮೇಲ್ ಮೇಲೆ ಮೇಲ್ ಕಳಿಸಿ ಎಚ್ಚರಿಸಿದ್ದರು; ಜಾಹೀರಾತು ಇರಬೇಕೆಂದು ಮೇಘಾ ಒಂದನ್ನೂ ತೆರೆಯದೆ ಅಳಿಸಿದ್ದಳು. ಒಂದಕ್ಷರವೂ ಉಳಿಯಲಿಲ್ಲ. ಆರಿಫ ಬೈಯಲಿಲ್ಲ. ಪರಸವ್ವನಿಗೆ ನೀನೇ ಹೇಳಬೇಕು ಎಂದಷ್ಟೇ ಅಂದ.

ಹೇಳಲು ಹೋದ ದಿನವೇ ಬಬಲೇಶ್ವರದ ಮಹಿಳಾ ಸಂಘದ ಏಳೆಂಟು ಜನ ಪರಸವ್ವ ದ್ರಾಕ್ಷಿ ಆರಿಸುವ ಶೆಡ್ಡಿಗೆ ಬಂದು ಕೂತಿದ್ದರು.

"ಬಾ ಯವ್ವಾ, ನಾ ಮೊದಲನೇ ದಿನ ಹೇಳಿದ್ದನ್ನ ಇವರಿಗೆ ಓದಿ ಹೇಳು," ಎಂದಳು ಪರಸವ್ವ.

ಆಗಲೇ ಬಾಯಿ ಬಿಡಬೇಕಿತ್ತು. ಅಷ್ಟು ಜನರೆದುರು ನಾಲಿಗೆ ಏಳಲಿಲ್ಲ. ಮೇಘಾ ಖಾಲಿ ಫೋನು ಹಿಡಿದು, ನೆನಪಿದ್ದಷ್ಟನ್ನು ಓದುವವಳಂತೆ ಹೇಳಿದಳು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ದ್ರಾಕ್ಷಿ ಬಿಡಿಬಿಡಿಯಾಗಿ ಉದುರಬೇಕು, ಆಗ ಒಣಗಿತು ಎಂದು ಲೆಕ್ಕ. ಕಲಿಸಿದವರು ಯಾರೆಂಬುದು ಮರೆತಿತ್ತು. ಪರಸವ್ವನ ತಾಯಿಯೇ ಇರಬೇಕೆಂದು, ನಮ್ಮವ್ವ ಕಲಿಸಿದಳು ಎಂದು ಸೇರಿಸಿದಳು.

ದ್ರಾಕ್ಷಿ ಆರಿಸುತ್ತಿದ್ದ ಪರಸವ್ವನ ಕೈ ಗಕ್ಕನೆ ನಿಂತಿತು. ಸಂಘದವರು ಹೌದೇ ಎಂದು ಅವಳನ್ನು ಕೇಳಿದರು.

"ಹೌದ್ರಿ, ಹಂಗ ಹೇಳೇನಿ," ಎಂದಳು.

ತಾನು ತಪ್ಪು ಹೇಳಿದರೂ ಮುದುಕಿ ತನ್ನ ಮಾನ ಮುಚ್ಚಿದಳೆಂದು ಮೇಘಾಳಿಗೆ ತಿಳಿಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಬಂದವರು ಹೋದ ಮೇಲೆ ಎಲ್ಲ ಒಪ್ಪಿಕೊಂಡಳು. ತಪ್ಪಾಯಿತು, ಈ ಸಲ ನೋಟ್‌ಬುಕ್ಕಿನಲ್ಲಿ ಬರೆಯೋಣ ಎಂದು ಪೆನ್ನು ತೆಗೆದಳು.

"ಕಲಿಸಿದಾಕಿ ನಮ್ಮವ್ವ ಅಲ್ಲ, ನಮ್ಮಕ್ಕ," ಎಂದಳು ಪರಸವ್ವ. "ಆಕಿ ಸತ್ತು ಇಪ್ಪತ್ತ ವರ್ಷ ಆತು. ಆಕಿ ಹೆಸರು ಯಾರೂ ಎಲ್ಲೂ ಬರದಿಟ್ಟಿಲ್ಲ. ಅದಕ್ಕ ಮೊದಲ ಆಕಿ ಹೆಸರ ಹೇಳಿದ್ದೆ."

ಮೇಘಾ ತನ್ನ ಬೆರಳಿನಿಂದಲೇ ಟೈಪು ಮಾಡಿದ ಆ ಹೆಸರು ಎಷ್ಟು ತಡಕಾಡಿದರೂ ನೆನಪಾಗಲಿಲ್ಲ. ತಲೆ ತಗ್ಗಿಸಿ, "ಹೆಸರೇನ ಆಯಿ?" ಎಂದು ಕೇಳಿದಳು.

"ಕಾಳವ್ವ."

ಮೇಘಾ ಬರೆದುಕೊಂಡಳು. ಅಕ್ಷರ ಬಾರದ ಪರಸವ್ವ ನೋಟ್‌ಬುಕ್ಕಿನ ಮೇಲೆ ಬಗ್ಗಿ, "ಎಲ್ಲೈತಿ, ತೋರ್ಸು," ಎಂದಳು.