ಸುಧೀರನ ದೋಣಿಯ ಶಾಫ್ಟ್

ಉಪ್ಪುಂದದ ಹೆದ್ದಾರಿ ಪಕ್ಕ ಪ್ರೇಮಾನಂದನ ಲೇತ್ ಅಂಗಡಿ. ಒಳಗೆ ಕಬ್ಬಿಣ ಕಡೆಯುವ ಎರಡು ಲೇತ್. ಚಿಕ್ಕದರಲ್ಲಿ ಪಂಪಿನ ಬುಷ್, ಗೇಟಿನ ಪಿನ್ನು ಇಂಥವು. ಗೋಡೆಯುದ್ದಕ್ಕೂ ಇರುವ ಹಳೆಯ ದೊಡ್ಡ ಲೇತ್ ದೋಣಿಗಳ ಎಂಜಿನ್ನಿನಿಂದ ನೀರಿನಡಿಯ ಫ್ಯಾನ್ ತಿರುಗಿಸುವ ಶಾಫ್ಟಿಗೆಂದೇ.

ನವೆಂಬರಿನಲ್ಲಿ ಅವನ ತಮ್ಮ ಸುಧೀರ್ ಗಂಗೊಳ್ಳಿ ಅಳಿವೆಯಲ್ಲಿ ತೀರಿಕೊಂಡ. ಮೀನು ತುಂಬಿಕೊಂಡು ಒಳಗೆ ಬರುವಾಗ ಅವನು ದುಡಿಯುತ್ತಿದ್ದ ದೋಣಿಯ ಶಾಫ್ಟ್ ತುಂಡಾಯಿತು. ಫ್ಯಾನ್ ತಿರುಗದೆ ದೋಣಿ ಅಲೆಗೆ ಅಡ್ಡವಾಗಿ ಮಗುಚಿತು. ಉಳಿದವರು ಈಜಿ ದಡ ಸೇರಿದರು. ಉತ್ತರಕ್ರಿಯೆಯ ಬೊಜ್ಜದ ದಿನವೂ ಪ್ರೇಮಾನಂದ ಅಳಲಿಲ್ಲ. ಮರುದಿನ ಅಂಗಡಿ ತೆರೆದ.

ಜನವರಿಯಲ್ಲಿ ದೋಣಿಯ ಮಾಲೀಕ ಅಶೋಕ್, ದಡಕ್ಕೆ ಎಳೆಸಿದ ದೋಣಿಯಿಂದ ಆ ಶಾಫ್ಟನ್ನು ಬಿಚ್ಚಿ ಟೆಂಪೋದಲ್ಲಿ ತಂದಿಳಿಸಿದ.

"ಕಲ್ಲಿಗೆ ತಾಗಿ ತುಂಡಾದ್ದಲ್ದಾ ಅಣ್ಣ. ಇದೇ ಅಳತೆಗೆ ಹೊಸ್ದೊಂದ್ ಮಾಡಿ ಕೊಡ್ಕ್."

ಪ್ರೇಮಾನಂದ ಹ್ಞೂಂ ಎಂದ. ಅಶೋಕ್ ಹೋದ ಮೇಲೆ ತುಂಡಾದ ಮುಖವನ್ನು ಬಟ್ಟೆಯಿಂದ ಒರೆಸಿ ನೋಡಿದ. ಕಲ್ಲಿಗೆ ತಾಗಿದ್ದರೆ ಶಾಫ್ಟ್ ಬಾಗಿರಬೇಕಿತ್ತು, ಇದು ನೇರವಾಗಿತ್ತು. ಮುಖದ ಮುಕ್ಕಾಲು ಪಾಲು ನುಣುಪಾಗಿ ಕಪ್ಪಾಗಿತ್ತು. ಬಿರುಕು ಬಹಳ ದಿನದಿಂದ ಒಳಗೆ ಬೆಳೆದಿತ್ತು. ಅದು ಹುಟ್ಟಿದ್ದು ಫ್ಯಾನ್ ಕೂರಿಸಲು ಶಾಫ್ಟನ್ನು ಸಪೂರ ಮಾಡಿದ ಕಡೆ. ಅಲ್ಲಿ ಮೂಲೆಯನ್ನು ಸ್ವಲ್ಪ ಗುಂಡಗೆ ಬಿಡಬೇಕು. ಈ ಶಾಫ್ಟನ್ನು ಮಾಡಿದ್ದು ಪ್ರೇಮಾನಂದನೇ; ಅಲ್ಲಿ ಚೂಪು ಟೂಲಿನಿಂದ ನೇರವಾಗಿ ಕಡಿದು ಬಿಟ್ಟಿದ್ದ. ಜುಲೈ ಕೊನೆಯ ವಾರ, ದೋಣಿಗಳೆಲ್ಲ ನೀರಿಗಿಳಿಯುವ ಗಡಿಬಿಡಿ. ಟೂಲ್ ಬದಲಿಸಿ ಕಟ್ಟಲು ಹತ್ತು ನಿಮಿಷ ಬೇಕಿತ್ತು.

ಅವನಿಗೆ ಏನೂ ಅನಿಸಲಿಲ್ಲ. ಹೊಸ ಸ್ಟೀಲ್ ಸರಳನ್ನು ಲೇತಿನ ಹಿಡಿಗೆ ಬಿಗಿದ, ನಡುವೆ ಅದುರದಂತೆ ಆಸರೆ ಕೊಟ್ಟ, ಲೇತ್ ಶುರು ಮಾಡಿದ. ಸುರುಳಿ ಸುರುಳಿಯಾಗಿ ಸಿಪ್ಪೆ ಬಿತ್ತು. ಈ ಸಲ ಮೂಲೆಯನ್ನು ಗುಂಡಗೆ ಮಾಡಿದ. ಆಮೇಲೆ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿ ತಮ್ಮನ ಮನೆಗೆ ಹೋದ.

ತಮ್ಮನ ಹೆಂಡತಿ ಶರ್ಮಿಳಾ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು.

"ಎಂತ ಭಾವ, ಕೆಲ್ಸ ಇಲ್ಯಾ ಇವತ್ತ್?"

"ಶಾಫ್ಟ್ ಕಲ್ಲಿಗೆ ತಾಗಿ ತುಂಡಾದ್ದಲ್ಲ. ನಾನ್ ಮಾಡ್ದ್ ಸಮ ಆಯ್ಲಿಲ್ಲ."

ನಡೆದದ್ದೆಲ್ಲ ಹೇಳಿದ. ದನಿ ಎಲ್ಲೂ ಏರಲಿಲ್ಲ. ಅವಳು ಮೀನಿನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು.

"ಹಾಂಗಿನದ್ ಎಷ್ಟ್ ಮಾಡಿದ್ರಿ ಆಗ?"

"ನಾಕ್."

"ಉಳ್ದ ಮೂರ್ ದೋಣಿ ಈಗ್ಲೂ ಸಮುದ್ರಕ್ಕೆ ಹೋತಿತ್ತಾ?"

ಅವನು ಅದನ್ನು ಯೋಚಿಸಿಯೇ ಇರಲಿಲ್ಲ.

"ಹಾಂಗಾರೆ ಇಲ್ಲೆಂತಕ್ ನಿಂತ್ಕಂಡಿದ್ರಿ? ಹೋಯ್ನಿ, ಅವ್ರಿಗೆ ಹೇಳಿ."

ಅದೇ ಸಂಜೆ ಗಂಗೊಳ್ಳಿಗೆ ಹೋಗಿ ಮೂವರು ಮಾಲೀಕರಿಗೂ ಹೇಳಿದ. ಒಬ್ಬ ಜನರೆದುರೇ ಬೈದ. ಇನ್ನೊಬ್ಬ ತಲೆ ಕೆಟ್ಟಿದೆ ಎಂದ. ಆದರೂ ಆ ವಾರದಲ್ಲಿ ಮೂರೂ ಶಾಫ್ಟ್ ಅಂಗಡಿಗೆ ಬಂದವು. ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣ ಉಜ್ಜಿ ಕಾದ. ಬಿರುಕಿದ್ದರೆ ಒಳಗಿಳಿದ ಎಣ್ಣೆ ಸುಣ್ಣದ ಮೇಲೆ ಗೆರೆಯಾಗಿ ಏಳುತ್ತದೆ. ಎರಡರಲ್ಲಿ ಏನೂ ಕಾಣಲಿಲ್ಲ. ಮೂರನೆಯದರ ಮೂಲೆಯಲ್ಲಿ ಬಿಳಿಯ ಮೇಲೆ ಕೂದಲೆಳೆಯಷ್ಟು ತೆಳು ಗೆರೆ ಅರ್ಧ ಸುತ್ತಿನಷ್ಟು ಎದ್ದಿತು. ಆ ದೋಣಿಯಲ್ಲಿ ಏಳು ಜನ ಹೋಗುತ್ತಿದ್ದರು. ಪ್ರೇಮಾನಂದ ಮೂರನ್ನೂ ಹೊಸದಾಗಿ ಮಾಡಿಕೊಟ್ಟ.

ವಿಷಯ ತಿಳಿದ ಅಶೋಕ್ ತನಗೆ ಮಾಡಿಟ್ಟ ಶಾಫ್ಟನ್ನು ಒಯ್ಯಲಿಲ್ಲ. ಬ್ರಹ್ಮಾವರದಲ್ಲಿ ಬೇರೆ ಮಾಡಿಸಿದನೆಂದು ಸುದ್ದಿ. ಪ್ರೇಮಾನಂದನಿಗೆ ಸಿಟ್ಟು ಬರಲಿಲ್ಲ.

ಶರ್ಮಿಳಾಳಿಗೆ ಗೆರೆಯ ವಿಷಯ ಹೇಳಲು ಹೋದಾಗ ಅವಳು ಬಾಗಿಲಲ್ಲೇ ನಿಂತು ಕೇಳಿದಳು.

"ಏಳ್ ಜನ," ಎಂದಳು. ಆಮೇಲೆ, "ಸ್ವಲ್ಪ ದಿನ ಇಲ್ಲಿಗೆ ಬರ್ಬೇಡಿ ಭಾವ. ನಂಗ್ ನಿಮ್ಮ ಮುಖ ಕಾಂಬುಕೆ ಆತಿಲ್ಲ."

"ಆಯ್ತ್," ಎಂದ ಪ್ರೇಮಾನಂದ. ಬಸ್ಸಿಗೆ ಕಾಯದೆ ಅಂಗಡಿಯವರೆಗೂ ನಡೆದೇ ಹೋದ.